ಮಹೆಬೂರಿನಲ್ಲಿ ಮಹಬೂಬ್

ಇಪ್ಪತ್ತೆರಡು ವರ್ಷ ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ್ದೆ. ಹಿಂದೂ ಮಹಾಸಾಗರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಎಷ್ಟು ಸಲ ಒರೆಸಿದ್ದೆನೋ ನೆನಪಿಲ್ಲ. ಆದರೆ ಅದರ ನೀರಿನಲ್ಲಿ ಕಾಲು ನೆನೆಸಿದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಸಮುದ್ರವೆಂದರೆ ನನಗೆ ನೀಲಿ ಸೀಮೆಸುಣ್ಣ. ನಮ್ಮದು ಅಮಾನಿ ಕೆರೆ ಕೋಡಿ ಬಿದ್ದ ವರ್ಷ ಮಕ್ಕಳುಮರಿ ಕಟ್ಟಿಕೊಂಡು ನೋಡಲು ಹೋಗುವ ಸೀಮೆ. ಅಂಥ ಸೀಮೆಯ ಮೂವರು ತೊಂಬತ್ತರ ದಶಕದ ಮೊದಲಲ್ಲಿ ಒಂದು ಬೇಸಿಗೆ ರಜೆಗೆ ಮಾರಿಷಸ್‌ಗೆ ಹೋಗಿ, ಒಂದು ಭಾನುವಾರ ಹಾಯಿದೋಣಿ ಹತ್ತಿ ಏನೇನು ಮಾಡಿಕೊಂಡೆವು ಎಂಬುದನ್ನು ಊರಿನವರಿಗೆ ಹೇಳದಿದ್ದರೆ ನನಗೆ ನಿದ್ದೆ ಬಾರದು.

ಮೂವರು ಎಂದರೆ ನಾನು, ನನ್ನ ಹೆಂಡತಿ ಪದ್ಮ ಮತ್ತು ನಮ್ಮ ನೆರೆಮನೆಯ ಮಹಬೂಬ್. ಪದ್ಮ ಚಿಂತಾಮಣಿ ಕಡೆಯವಳು. ತವರಿನವರ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ. ಕೋಪ ಬಂದರೆ ಎರಡೂ. ಮಹಬೂಬ್ ರೇಷ್ಮೆ ನೂಲು ಬಿಚ್ಚುವ ಕಸುಬಿನವನು. ಮಾರುಕಟ್ಟೆಯಲ್ಲಿ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಹುಳದ ಜಾತಕ ಹೇಳುತ್ತಾನೆ. ಆದರೆ ಎರಡು ವರ್ಷದಿಂದ ತಂಗಿಯ ಕಾಗದಗಳನ್ನು ತಿರುವಿ ಮುರುವಿ ಓದಿದರೂ ಅವನಿಗೆ ಒಳಗೇನಿದೆ ಎಂದು ತಿಳಿಯುತ್ತಿರಲಿಲ್ಲ.

ತಂಗಿ ಶಮೀಮ್. ನನ್ನ ಕ್ಲಾಸಿನಲ್ಲೇ ಓದಿದವಳು. ಭೂಗೋಳದಲ್ಲಿ ಅವಳಿಗೆ ಪಾಸಿನ ಅಂಕಕ್ಕಿಂತ ಹೆಚ್ಚು ಕೊಟ್ಟ ನೆನಪು ನನಗಿಲ್ಲ. ಬೆಂಗಳೂರಿಗೆ ಫಾರ್ಮಸಿ ಓದಲು ಬಂದಿದ್ದ ಮಾರಿಷಸ್ಸಿನ ಯೂಸುಫ್‌ಗೆ ಅವಳನ್ನು ಕೊಟ್ಟು ಏಳು ವರ್ಷವಾಗಿತ್ತು. ತಂದೆಯಿಲ್ಲದ ಹುಡುಗಿಯನ್ನು ಸಮುದ್ರದಾಚೆ ಕೊಡಬೇಡ ಎಂದು ತಾಯಿ ಅತ್ತಿದ್ದರು. ಹುಡುಗ ಒಳ್ಳೆಯವನು ಎಂದು ಹಟ ಹಿಡಿದು ಮದುವೆ ಮಾಡಿದವನು ಮಹಬೂಬ್. ಮೊದಮೊದಲು ನಾಲ್ಕು ಪುಟ ಬರುತ್ತಿದ್ದ ಕಾಗದ ಎರಡಾಯಿತು, ಒಂದಾಯಿತು, ಕೊನೆಗೆ ಕ್ಷೇಮಸಮಾಚಾರದ ಎರಡು ಸಾಲಿಗೆ ಬಂದು ನಿಂತಿತು. ಮಕ್ಕಳಾಗಿಲ್ಲವೆಂದು ಅತ್ತೆಮನೆಯಲ್ಲಿ ಕಾಟ ಕೊಡುತ್ತಿದ್ದಾರೆ ಎಂದು ತಾಯಿ ತೀರ್ಮಾನಿಸಿಬಿಟ್ಟರು. ‘ಹೋಗಿ ಕಣ್ಣಾರೆ ನೋಡು, ಸರಿ ಕಾಣದಿದ್ದರೆ ಕರೆದುಕೊಂಡೇ ಬಾ’ ಎಂದು ಮಗನಿಗೆ ಅಪ್ಪಣೆಯಾಯಿತು.

“ಮೇಷ್ಟ್ರೇ, ನೀವೂ ಅಕ್ಕನೂ ಜೊತೇಲಿ ಬರ್ಬೇಕು. ನಂಗೆ ಆ ಕಡೆ ದಾರಿ ಗೊತ್ತಿಲ್ಲ,” ಎಂದ ಮಹಬೂಬ್. ನನಗೇನೋ ಗೊತ್ತಿದ್ದ ಹಾಗೆ! ನನಗೆ ಗೊತ್ತಿದ್ದದ್ದು ಅಕ್ಷಾಂಶ, ರೇಖಾಂಶ. ಅಷ್ಟನ್ನೇ ನೆಚ್ಚಿಕೊಂಡು ಹೊರಟೆವು.

ಹೋಗಿ ಎಂಟು ದಿನವಾದರೂ ಮಹಬೂಬ್‌ಗೆ ತಂಗಿಯ ಹತ್ತಿರ ಒಂಟಿಯಾಗಿ ಎರಡು ಮಾತಾಡಲು ಆಗಲಿಲ್ಲ. ಯೂಸುಫನ ಮನೆ ತುಂಬ ಜನ. ಅತ್ತೆ ಬಡಿಸುತ್ತಿದ್ದರು, ಅತ್ತೆ ಸುಸ್ತಾದರೆ ನಾದಿನಿ ಬಡಿಸುತ್ತಿದ್ದಳು. ಕಾಟ ಎಂದರೆ ನಾವು ಕಂಡದ್ದು ಅದೊಂದೇ. ಆದರೂ ತಾಯಿಯ ಮಾತು ಹೊತ್ತು ಬಂದವನಿಗೆ ನೆಮ್ಮದಿಯಿಲ್ಲ. ಶಮೀಮ್ ನಗುತ್ತಿದ್ದಳು, ಓಡಾಡುತ್ತಿದ್ದಳು, ಆದರೆ ಅಣ್ಣ ಹತ್ತಿರ ಬಂದು ಕೂತರೆ ಅಡುಗೆಮನೆಯಲ್ಲಿ ಏನೋ ನೆನಪಾಗಿ ಎದ್ದು ಹೋಗುತ್ತಿದ್ದಳು. “ಭಾನುವಾರ ದೋಣೀಲಿ ಹೋಗಣ,” ಎಂದು ಯೂಸುಫ್ ಹಿಂದಿಯಲ್ಲಿ ಹೇಳಿದಾಗ ಮಹಬೂಬ್ ನನ್ನ ಕಿವಿಯಲ್ಲಿ ಹೇಳಿದ: “ದೋಣೀಲಿ ಅಡುಗೆಮನೆ ಇರಲ್ವಲ್ಲ ಮೇಷ್ಟ್ರೇ. ಅಲ್ಲಿ ಕೇಳೇ ಬಿಡ್ತೀನಿ.”

ಮಹೆಬೂರ್

ದ್ವೀಪದ ಆಗ್ನೇಯ ಮೂಲೆಯಲ್ಲಿ ಒಂದು ಹಳೆಯ ಊರು. ಯಾವನೋ ಫ್ರೆಂಚ್ ಗವರ್ನರನ ಹೆಸರಿನದು. ಬರೆಯುವಾಗ ಉದ್ದ, ಆಡುವಾಗ ಬರೀ ‘ಮಹೆಬೂರ್’. ಕಾರಿನಿಂದ ಇಳಿದದ್ದೇ ತಡ, ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ “ಮಹೆಬೂರ್! ಮಹೆಬೂರ್!” ಎಂದು ಕೂಗಿದ. ನಮ್ಮವನು ಗಾಬರಿಯಾಗಿ ಕೈ ಎತ್ತಿ “ಹಾ, ಇಲ್ಲಿದೀನಿ!” ಎಂದ. ಆಮೇಲೆ ದಿನವಿಡೀ ಪದ್ಮ ಅವನನ್ನು ಬಿಡಲಿಲ್ಲ. “ಏನಪ್ಪ ಮಹಬೂಬ್, ಊರಿಗೇ ನಿನ್ ಹೆಸರಿಟ್ಟವ್ರೆ. ಇನ್ನು ನಮ್ಮಂಥೋರ್ನ ಮಾತಾಡಿಸ್ತೀಯೋ ಇಲ್ವೋ,” ಎಂದು ಅವಳ ವರಸೆ.

ಕಡಲದಂಡೆಯಲ್ಲಿ ದೋಣಿಯ ಯಜಮಾನ ಕಾಯುತ್ತಿದ್ದ. ಅರವತ್ತರ ಹತ್ತಿರದ ಒಣಕಲು ಮನುಷ್ಯ, ಹೆಸರು ಅಪ್ಪಯ್ಯ. ಅವನ ಮುತ್ತಾತ ಕಬ್ಬಿನ ಕೆಲಸಕ್ಕೆಂದು ತೆಲುಗು ನಾಡಿನಿಂದ ಹಡಗು ಹತ್ತಿ ಬಂದವನಂತೆ. ಇವನಿಗೆ ಬರುವುದು ಅಲ್ಲಿನ ಕ್ರಿಯೋಲ್ ಎಂಬ ಭಾಷೆ. ತೆಲುಗೆಂದರೆ ಗುಡಿಯಲ್ಲಿ ಹೇಳುವ ಭಜನೆ, ಅದೂ ಅರ್ಥ ಗೊತ್ತಿಲ್ಲದೆ. ಅವನ ಹೆಂಡತಿ ಗಂಡನಿಗೆ ಬುತ್ತಿ ಕೊಡಲು ಬಂದಿದ್ದಳು. ಅತಿಥಿಗಳನ್ನು ಕಂಡರೆ ಅಲ್ಲಿಯವರು ಕೈ ಮುಗಿಯುವುದಿಲ್ಲ, ಎರಡೂ ಕೆನ್ನೆಗೆ ಮುತ್ತಿಡುತ್ತಾರೆ. ಆ ಹೆಂಗಸು ಪದ್ಮಳಿಗೆ ಇಟ್ಟಳು, ಶಮೀಮ್‌ಗೆ ಇಟ್ಟಳು, ತಡೆಯುವಷ್ಟರಲ್ಲಿ ನನಗೂ ಇಟ್ಟಳು. ಮಹಬೂಬ್ ಅಷ್ಟು ಹೊತ್ತಿಗೆ ತೆಂಗಿನ ಮರದ ಹಿಂದೆ ಸೇರಿಕೊಂಡಿದ್ದ.

“ಸಾಕು ಬನ್ರಿ, ಕೆನ್ನೆ ಮುಟ್ಕೊಂಡು ನಿಂತಿದ್ದು,” ಎಂದಳು ಪದ್ಮ.

ದೋಣಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮರದ್ದು, ತಳ ಚಪ್ಪಟೆ, ನಡುವೆ ಒಂದೇ ಕಂಬ, ತೇಪೆ ಹಾಕಿದ ಬಿಳಿ ಹಾಯಿ. ಮಹಬೂಬ್ ಹಾಯಿಯ ಅಂಚನ್ನು ಬೆರಳಲ್ಲಿ ಹೊಸೆದು ನೋಡಿ, “ನೂಲು ಗಟ್ಟಿ ಇದೆ,” ಎಂದು ಸರ್ಟಿಫಿಕೇಟು ಕೊಟ್ಟ ಮೇಲೆಯೇ ಹತ್ತಿದ್ದು. ಪದ್ಮ ಸೀರೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ, ನಿಪ್ಪಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಕೈವಾರದ ತಾತಯ್ಯನವರನ್ನು ನೆನೆದು ಕೂತಳು.

ಹಾಯಿ ಬಿಚ್ಚಿದ ಮೇಲೆ

ಯೂಸುಫ್ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದ. ಅಪ್ಪಯ್ಯ ಹಗ್ಗ ಎಳೆದ. ಹಾಯಿ ಒಂದು ಸಲ ಪಟಪಟ ಬಡಿದುಕೊಂಡು ಆಮೇಲೆ ಹೊಟ್ಟೆ ಉಬ್ಬಿಸಿತು. ದಂಡೆ ಸದ್ದಿಲ್ಲದೆ ಹಿಂದೆ ಸರಿಯಿತು. ಎಂಜಿನ್ ಇಲ್ಲ, ಹಾರನ್ ಇಲ್ಲ, ಪಕ್ಕದಲ್ಲಿ ನೀರು ಸರಿಯುವ ಸದ್ದು ಮಾತ್ರ. ದೂರದಲ್ಲಿ ಹವಳದ ದಿಬ್ಬದ ಮೇಲೆ ಅಲೆಗಳು ಒಡೆದು ಬಿಳಿಯ ಗೆರೆಯಾಗಿದ್ದವು. ಅದರ ಈಚೆಗೆ ನೀರು ತಿಳಿಹಸಿರು, ಕೆರೆಯಷ್ಟು ಶಾಂತ. ಬೆನ್ನ ಹಿಂದೆ ಮಲಗಿದ ಸಿಂಹದಂಥ ಬೆಟ್ಟ. ಕಳವಾರದ ಬೆಟ್ಟವನ್ನು ಯಾರೋ ಎತ್ತಿ ತಂದು ನೀರಿನ ಪಕ್ಕ ಇಟ್ಟ ಹಾಗೆ ಕಂಡಿತು.

ಮೇಷ್ಟರ ಬಾಯಿ ಸುಮ್ಮನಿರುತ್ತದೆಯೇ? ಇದು ಆಗ್ನೇಯ ವಾಣಿಜ್ಯ ಮಾರುತ, ಇದು ಹೀಗೇಕೆ ಬೀಸುತ್ತದೆ, ಭೂಮಿ ತಿರುಗುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಶುರುಮಾಡಿದೆ. ಶಮೀಮ್ ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದಳು. ಅವಳು ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಕಟ್ಟಿ, ದೋಣಿಯ ತಳದಲ್ಲಿ ಕೈಕಟ್ಟಿ ಕೂತಿದ್ದಳು. ಗಾಳಿ ಬದಲಾದಾಗಲೆಲ್ಲ ಅಪ್ಪಯ್ಯ ಅವಳ ಕಡೆ ನೋಡಿ ಏನೋ ಹೇಳಲು ಹೋಗುವುದು, ಅವಳು ಕಣ್ಣಲ್ಲೇ ಸುಮ್ಮನಿರಿಸುವುದು.

“ಏನ್ರೀ, ಆ ಹುಡುಗಿ ಕೈ ನೋಡ್ರಿ,” ಎಂದಳು ಪದ್ಮ ಮೆಲ್ಲಗೆ. “ಕಟ್ಕೊಂಡಿದಾಳೆ, ಆದ್ರೆ ಬೆರಳು ಸುಮ್ನಿಲ್ಲ. ಒಲೆ ಮೇಲೆ ಹಾಲಿಟ್ಟು ಬಂದೋಳ ಥರ ಆಡ್ತಿದಾಳೆ.”

ನನಗೆ ಅದೆಲ್ಲ ಕಾಣಲಿಲ್ಲ. ನಾನು ಕರ್ಕಾಟಕ, ಮಕರ ಎಂದು ಸಂಕ್ರಾಂತಿ ವೃತ್ತಗಳಲ್ಲಿ ಸುತ್ತುತ್ತಿದ್ದೆ.

ಮಹಬೂಬ್ ತಂಗಿಯ ಪಕ್ಕ ಬಂದು ಕೂತ. ಗಂಟಲು ಸರಿಮಾಡಿಕೊಂಡ. ಯೂಸುಫ್‌ಗೆ ತಿಳಿಯಬಾರದೆಂದು ಮನೆಯ ಉರ್ದು ಬಿಟ್ಟು ಕನ್ನಡದಲ್ಲಿ ಶುರುಮಾಡಿದ. ಯೂಸುಫ್ ಅಷ್ಟು ದಿನವೂ ನಮ್ಮ ಹತ್ತಿರ ಆಡಿದ್ದು ಹಿಂದಿಯೇ.

“ಶಮ್ಮು, ನಿನ್ನ ಒಂದು ಮಾತು ಕೇಳ್ಬೇಕು ಕಣಮ್ಮ. ನಿಜ ಹೇಳ್ಬೇಕು. ಅಮ್ಮಿ ಏನ್ ಹೇಳಿದ್ರು ಅಂದ್ರೆ...”

ಅಷ್ಟರಲ್ಲಿ ದೋಣಿ ಒಂದು ಬದಿಗೆ ವಾಲಿ ಎದ್ದಿತು. ಮಹಬೂಬನ ಮುಖ ಎಳೆ ಹಿಪ್ಪುನೇರಳೆ ಸೊಪ್ಪಿನ ಬಣ್ಣಕ್ಕೆ ತಿರುಗಿತು. ಅಮ್ಮಿ ಹೇಳಿದ್ದು ಬಾಯಿಂದ ಬರಲಿಲ್ಲ. ಬಂದದ್ದು ಬೆಳಗಿನ ನಾಷ್ಟಾ. ಅಲ್ಲಿಂದ ಮುಂದೆ ಒಂದು ಗಂಟೆ ಅವನು ಸಮುದ್ರದ ಜೊತೆ ಮಾತ್ರ ಮಾತಾಡಿದ. ತಂಗಿ ಅವನ ಬೆನ್ನು ನೀವುತ್ತ, “ದೂರದ ಬೆಟ್ಟ ನೋಡು ಭಾಯಿ, ನೀರು ನೋಡ್ಬೇಡ,” ಎನ್ನುತ್ತಿದ್ದಳು. ಅವನು ನೀರನ್ನೇ ನೋಡಿದ.

ಪದ್ಮ ಅಪ್ಪಯ್ಯನನ್ನು “ನೀಳ್ಳು ಕಾವಾಲಿ” ಎಂದು ಕೇಳಿದ್ದು ಆಗಲೇ. ಮಹಬೂಬ್ ಬಾಯಿ ಮುಕ್ಕಳಿಸಲು ನೀರು ಬೇಕೆಂದು, ರೂಢಿಯ ಮೇಲೆ ಬಾಯಿಗೆ ಬಂದ ತೆಲುಗು. ಅಪ್ಪಯ್ಯ ಹಗ್ಗ ಬಿಟ್ಟು ಎದ್ದು ನಿಂತ. “ನೀಳ್ಳು?” ಎಂದ. ಬೊಗಸೆಯಲ್ಲಿ ಸಮುದ್ರದ ನೀರು ಎತ್ತಿ ತೋರಿಸಿದ. “ನೀಳ್ಳು!” ಅವನ ಅಜ್ಜಿ ಹಾಗೆ ಹೇಳುತ್ತಿದ್ದಳಂತೆ. ಆಮೇಲೆ ಕಣ್ಣು, ಮೂಗು, ಕೈ, ಕಾಲು ಒಂದೊಂದನ್ನೇ ಮುಟ್ಟಿ ತೋರಿಸಿ ಪದ್ಮಳಿಂದ ಹೆಸರು ಹೇಳಿಸಿಕೊಂಡ. ಕೆಲವು ಮೊದಲೇ ಗೊತ್ತಿದ್ದವು, ಕೆಲವು ಮರೆತಿದ್ದವು. ಪದ್ಮಳಿಗೆ ನೆನಪಿಗೆ ಬಾರದಲ್ಲಿ ಅವಳು ಕನ್ನಡ ಹೇಳಿಬಿಟ್ಟಳು. ಮಾರಿಷಸ್ಸಿನ ಒಬ್ಬ ದೋಣಿಗಾರ ಮೊಣಕೈಗೆ ತೆಲುಗಿನಲ್ಲಿ ‘ಮೊಣಕೈ’ ಎನ್ನುತ್ತಾರೆ ಎಂದು ಇವತ್ತಿಗೂ ನಂಬಿದ್ದರೆ ಅದಕ್ಕೆ ಚಿಂತಾಮಣಿ ತಾಲ್ಲೂಕು ಹೊಣೆ.

ಸರ್ವೆ ಮರದ ದ್ವೀಪ

ಮಧ್ಯಾಹ್ನದ ಹೊತ್ತಿಗೆ ಒಂದು ಪುಟ್ಟ ದ್ವೀಪ ಸೇರಿದೆವು. ಮರಳು, ಹತ್ತು ಹನ್ನೆರಡು ಸರ್ವೆ ಮರ, ಅಷ್ಟೇ. ಇಷ್ಟು ದೂರ ಹಾರಿ ಬಂದು ಕೊನೆಗೆ ಗೌರಿಬಿದನೂರು ರಸ್ತೆಯ ಸರ್ವೆ ತೋಪಿನಲ್ಲೇ ಕೂತಂತಾಯಿತಲ್ಲ ಎಂದು ನಗು ಬಂತು. ಚಾಪೆ ಹಾಸುವ ಹೊಣೆ ನನ್ನದು. ನಮ್ಮೂರಿನ ಅಭ್ಯಾಸದಂತೆ ಮರಗಳ ಉತ್ತರಕ್ಕೆ ಹಾಸಿದೆ. ತಂಪಾಗಿರುತ್ತದೆ ಎಂದು ಭರವಸೆಯನ್ನೂ ಕೊಟ್ಟೆ. ಹತ್ತು ನಿಮಿಷದಲ್ಲಿ ಎಲ್ಲರ ನೆತ್ತಿ ಕಾಯತೊಡಗಿತು. ನೆರಳು ಮರದ ಆಚೆ ಬದಿಯಲ್ಲಿ ಆರಾಮಾಗಿ ಮಲಗಿತ್ತು.

“ಸಾರ್, ಈ ತಿಂಗಳಲ್ಲಿ ಇಲ್ಲಿ ಸೂರ್ಯ ಉತ್ತರಕ್ಕಿರ್ತಾನೆ,” ಎಂದಳು ಶಮೀಮ್ ತಗ್ಗಿದ ದನಿಯಲ್ಲಿ. “ನಾವು ಭೂಮಧ್ಯರೇಖೆ ಕೆಳಗಿದೀವಲ್ಲ. ನೀವೇ ಹೇಳ್ಕೊಟ್ಟಿದ್ದು.”

ಪಾಸಿನ ಅಂಕಕ್ಕೆ ತೇಲಿದ ಹುಡುಗಿ! ಚಾಪೆ ಮಡಚಿಕೊಂಡು ದಕ್ಷಿಣಕ್ಕೆ ಹೊರಟೆವು. ಪದ್ಮ ಒಂದು ಮಾತೂ ಆಡಲಿಲ್ಲ. ಅವಳು ಆಡದ ಮಾತು ನನಗೆ ಚೆನ್ನಾಗಿ ಕೇಳಿಸಿತು.

ಊಟಕ್ಕೆ ಶಮೀಮ್ ಕಟ್ಟಿಸಿದ್ದ ದಾಲ್ ಪುರಿ. ನೋಡಲು ನಮ್ಮ ಬೇಳೆ ಒಬ್ಬಟ್ಟೇ, ಬೆಲ್ಲ ಮಾತ್ರ ಮರೆತಿದ್ದಾರೆ. ಜೊತೆಗೆ ಮೆಣಸಿನಕಾಯಿಯ ಕೇಕು ಎಂಬ ಫ್ರೆಂಚ್ ಹೆಸರಿನ ಒಂದು ತಿಂಡಿ. ಕಚ್ಚಿದರೆ ಮಸಾಲೆವಡೆ. ಪದ್ಮ ಕಣ್ಣರಳಿಸಿ, “ಇದಕ್ಕೆ ಕೇಕು ಅಂತಾರಾ? ಹಂಗಾದ್ರೆ ನಾನು ಇಷ್ಟು ವರ್ಷ ನಿಮಗೆ ಕೇಕೇ ಮಾಡಿ ಹಾಕಿದೀನಿ ಬಿಡಿ,” ಎಂದಳು. ನೆಲ ಸಿಕ್ಕಿದ ಮೇಲೆ ಮಹಬೂಬ್‌ಗೆ ಜೀವ ಬಂದಿತ್ತು. ಆದರೆ ಯೂಸುಫ್ ಪಕ್ಕದಲ್ಲೇ ಕೂತು ಅನಾನಸ್ಸಿಗೆ ಉಪ್ಪು ಖಾರ ಹಚ್ಚಿ ಹಚ್ಚಿ ಹೆಂಡತಿಯ ಅಣ್ಣನ ಕೈಗೆ ಇಡುತ್ತಿದ್ದ. ಅಷ್ಟು ಪ್ರೀತಿಯಿಂದ ಇಡುವವನ ಎದುರು ಅವನ ಮೇಲೆ ವಿಚಾರಣೆ ನಡೆಸುವುದು ಹೇಗೆ?

ಊಟವಾದ ಮೇಲೆ ಅಪ್ಪಯ್ಯ ನೀರಿನ ಕಡೆ ನೋಡಿ ಏನೋ ಗೊಣಗಿದ. ನೀರು ಇಳಿಯುತ್ತಿದೆ, ಹೊರಡಬೇಕು ಎಂದು ಯೂಸುಫ್ ಹಿಂದಿಯಲ್ಲಿ ಹೇಳಿದ. ನನ್ನೊಳಗಿನ ಮೇಷ್ಟರು ಮತ್ತೆ ಎದ್ದರು. ಹುಣ್ಣಿಮೆ ಕಳೆದು ಎಷ್ಟು ದಿನ, ಬೆಳಿಗ್ಗೆ ನೀರು ಎಲ್ಲಿತ್ತು ಎಂದು ಬೆರಳು ಮಡಚಿ ಎಣಿಸಿ, “ಇಲ್ಲ ಇಲ್ಲ, ಈಗ ಏರೋ ಹೊತ್ತು. ಇನ್ನೊಂದು ಗಂಟೆ ಆರಾಮಾಗಿ ಮಲಗಬಹುದು,” ಎಂದು ಹರಕು ಹಿಂದಿಯಲ್ಲಿ ಹೇಳಿದೆ. ಯೂಸುಫ್ ಒಂದು ಸಲ ನೀರನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. ಹೆಂಡತಿಯ ಗುರುಗಳು, ಮೇಲಾಗಿ ಅತಿಥಿ. “ಮಾಸ್ಟರ್‌ಜಿ ಹೇಳಿದ ಮೇಲೆ ಆಯ್ತು,” ಎಂದು ಅಪ್ಪಯ್ಯನಿಗೆ ಸನ್ನೆ ಮಾಡಿದ. ಅಪ್ಪಯ್ಯ ಸರ್ವೆ ಮರಕ್ಕೆ ಒರಗಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ. ಆ ಎಳೆದುಕೊಂಡ ರೀತಿಯಲ್ಲೇ ಅವನ ಅಭಿಪ್ರಾಯವಿತ್ತು.

ಮೊಣಕಾಲುದ್ದ ಸಮುದ್ರ

ಹೊರಟು ಕಾಲು ಗಂಟೆಯಾಗಿರಬೇಕು. ದಂಡೆ ಒಂದು ಮೈಲಿ ದೂರ, ದ್ವೀಪವೂ ಅಷ್ಟೇ ದೂರ. ದೋಣಿ ಕರ್ರೆಂದು ಸದ್ದು ಮಾಡಿ ನಿಂತಿತು. ಬಗ್ಗಿ ನೋಡಿದರೆ ಕೆಳಗೆ ಮರಳು, ಮರಳಿನ ಮೇಲೆ ನನ್ನ ಮುಖ. ನಡುಸಮುದ್ರದಲ್ಲಿ ನಾವು ನೆಲ ಕಚ್ಚಿದ್ದೆವು. ನೀರು ಏರಿರಲಿಲ್ಲ. ಇಳಿದಿತ್ತು, ಇಳಿಯುತ್ತಲೇ ಇತ್ತು.

“ನೆಲ!” ಎಂದು ಎಲ್ಲರಿಗಿಂತ ಮೊದಲು ಹಾರಿದವನು ಮಹಬೂಬ್. ಮೊಣಕಾಲುದ್ದ ನೀರಿನಲ್ಲಿ ನಿಂತು, “ಅಲ್ಹಮ್ದುಲಿಲ್ಲಾ, ಅಲ್ಲಾಡ್ತಿಲ್ಲ!” ಎಂದು ಕಾಲು ಊರಿ ಊರಿ ನೋಡಿದ. ಅಪ್ಪಯ್ಯ ಗಳುವೊಂದನ್ನು ಹಿಡಿದು ಆಳದ ಜಾಗ ಹುಡುಕುತ್ತ ಮುಂದೆ ನಡೆದ. ಯೂಸುಫ್ ಅವನ ಹಿಂದೆ ಹೋದ. ಸಮುದ್ರದ ನಡುವೆ ಇಬ್ಬರು ಗದ್ದೆಯ ಬದುವಿನ ಮೇಲೆ ನಡೆಯುವವರ ಹಾಗೆ ನಡೆದು ಹೋದರು. ನಾನು ದೋಣಿಯ ಅಂಚು ಹಿಡಿದು ತಪ್ಪಿತಸ್ಥನಂತೆ ನಿಂತೆ. ಪದ್ಮ ದೋಣಿಯೊಳಗೇ ಕೂತು ನಿಪ್ಪಟ್ಟಿನ ಡಬ್ಬಿ ತೆಗೆದಳು.

ಶಮೀಮ್ ಇಳಿದು ಅಣ್ಣನ ಪಕ್ಕ ನಿಂತಳು. ಮಹಬೂಬ್ ಇನ್ನು ತಡ ಮಾಡಲಿಲ್ಲ. ಅದೇ ಕನ್ನಡದಲ್ಲಿ, ದನಿ ತಗ್ಗಿಸಿ ಕೇಳಿದ.

“ಶಮ್ಮು, ನಿನ್ನ ಸರಿಯಾಗಿ ನೋಡ್ಕೊತಾನಾ ಇಲ್ವಾ? ಹೇಳ್ಬಿಡು. ಅಮ್ಮಿ ನಿನ್ನ ಕರ್ಕೊಂಡ್ ಬಾ ಅಂತ ಕಳಿಸವ್ರೆ. ಮದುವೆ ಮಾಡಿದೋನು ನಾನು. ತಪ್ಪಾಗಿದ್ರೆ ನಾನೇ ಸರಿ ಮಾಡ್ತೀನಿ.”

ಶಮೀಮ್ ನಗಲು ಹೋದಳು, ಆಗಲಿಲ್ಲ. “ಯಾರು ಹೇಳಿದ್ರು ಭಾಯಿ, ನೋಡ್ಕೊಳ್ಳಲ್ಲ ಅಂತ?”

“ನಿನ್ ಕಾಗದ ಹೇಳ್ತು. ಎರಡು ಸಾಲು ಬರೀತೀಯ. ಎರಡು ಸಾಲಲ್ಲಿ ಯಾರು ಚೆನ್ನಾಗಿರ್ತಾರೆ?”

ಅವಳು ಬಗ್ಗಿ ನೀರಿನಲ್ಲಿ ಕೈಯಾಡಿಸಿದಳು. “ಅಮ್ಮಿ ಪ್ರತಿ ಕಾಗದದಲ್ಲೂ ಒಂದೇ ಕೇಳ್ತಾರೆ. ಏನಾದ್ರೂ ವಿಶೇಷ ಇದೆಯಾ ಅಂತ. ಇತ್ತು ಭಾಯಿ. ಎರಡು ಸಲ ಇತ್ತು. ಎರಡು ಸಲನೂ ಉಳೀಲಿಲ್ಲ. ಎರಡನೇದು ಐದು ತಿಂಗಳು ತುಂಬಿತ್ತು. ಅದನ್ನ ಹೆಂಗ್ ಬರೀಲಿ? ಅದನ್ನ ಬಿಟ್ಟು ಬೇರೆ ಬರೆಯೋಕೆ ಹೋದ್ರೆ ಪೆನ್ನೇ ಓಡಲ್ಲ.”

ಪದ್ಮಳ ಕೈಯಲ್ಲಿದ್ದ ನಿಪ್ಪಟ್ಟು ಹಾಗೇ ನಿಂತಿತು. ನಾನು ಬೆಟ್ಟದ ಕಡೆ ಮುಖ ತಿರುಗಿಸಿದೆ. ಆದರೆ ಸಮುದ್ರದ ಮಧ್ಯೆ ಎದ್ದು ಹೋಗುವುದಾದರೂ ಎಲ್ಲಿಗೆ?

“ಆಮೇಲೆ ಎರಡು ತಿಂಗಳು ನಾನು ರೂಮಿಂದ ಆಚೆ ಬರ್ಲಿಲ್ಲ,” ಎಂದಳು ಶಮೀಮ್. “ಅತ್ತೆ ಹತ್ರ ಕೂತು ತುತ್ತು ಮಾಡಿ ತಿನ್ನಿಸ್ತಿದ್ರು. ಒಂದಿನ ಇವರು ಕೈ ಹಿಡ್ದು ಎಬ್ಬಿಸಿ ಇದೇ ದೋಣೀಲಿ ಕರ್ಕೊಂಡ್ ಬಂದ್ರು. ಏನೂ ಮಾತಾಡ್ಲಿಲ್ಲ. ಚುಕ್ಕಾಣಿ ನನ್ ಕೈಗೆ ಕೊಟ್ಟು ಅತ್ಲಾಗೆ ತಿರುಗಿ ಕೂತ್ರು. ಆವತ್ತಿಂದ ಪ್ರತಿ ಭಾನುವಾರ ಬರ್ತೀನಿ. ಈಜು ಕಲ್ತೆ. ಹೋದ ವರ್ಷ ಇಲ್ಲಿ ದೋಣಿ ಪಂದ್ಯ ಇತ್ತು. ನಾನೇ ನಡೆಸ್ದೆ. ಮೂರನೇದಾಗಿ ಬಂದ್ವಿ.”

“ನೀನಾ? ದೋಣಿ ನಡೆಸ್ದೆಯಾ?”

“ಹೂಂ. ಅದನ್ನೂ ಬರೀಲಿಲ್ಲ. ನೀನೇನಂತೀಯೋ ಅಂತ ಭಯ. ಅದಕ್ಕೇ ಬೆಳಗ್ಗಿಂದ ಕೈ ಕಟ್ಕೊಂಡ್ ಕೂತಿದ್ದು.”

ಮಹಬೂಬ್ ಬಗ್ಗಿದ. ಬೊಗಸೆಯಲ್ಲಿ ನೀರು ತೆಗೆದು ಮುಖ ತೊಳೆದುಕೊಂಡ. ಉಪ್ಪುನೀರಿನಲ್ಲಿ ಯಾರು ಮುಖ ತೊಳೆಯುತ್ತಾರೆ? ಆದರೆ ಅದನ್ನು ನಾನು ಹೇಳಲು ಹೋಗಲಿಲ್ಲ. ಪದ್ಮ ದೋಣಿಯಿಂದ ಇಳಿದು, ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಶಮೀಮಳ ಪಕ್ಕ ಬಂದು ಅವಳ ಭುಜ ಹಿಡಿದು ನಿಂತಳು.

ಅಷ್ಟರಲ್ಲಿ ಮುಂದುಗಡೆಯಿಂದ ಕೂಗು. ಆಳದ ಜಾಗ ಸಿಕ್ಕಿತ್ತು, ಆದರೆ ಯೂಸುಫ್ ಕಡಲ ಮುಳ್ಳಿನ ಚೆಂಡೊಂದನ್ನು ತುಳಿದಿದ್ದ. ಮುಳ್ಳುಹಂದಿಯ ಮರಿಯ ಹಾಗಿರುವ ಕರಿಯ ಪ್ರಾಣಿ ಅದು. ಒಂಟಿ ಕಾಲಲ್ಲಿ ಕುಂಟುತ್ತ ಬಂದವನನ್ನು ದೋಣಿಯೊಳಗೆ ಕೂರಿಸಿದೆವು. ಪದ್ಮ ತಾಳಿಸರಕ್ಕೆ ತೂಗುಹಾಕಿಕೊಂಡಿದ್ದ ಪಿನ್ನು ಬಿಚ್ಚಿದಳು. ಜಾಲಿಮುಳ್ಳು ತೆಗೆದು ಪಳಗಿದ ಕೈ. ನಾಲ್ಕು ಬಂದವು, ಎರಡು ಒಳಗೇ ಮುರಿದವು. ಅಪ್ಪಯ್ಯ ಅದರ ಮೇಲೆ ನಿಂಬೆಹಣ್ಣು ಹಿಂಡಿದ. ಯೂಸುಫ್ ಹಲ್ಲು ಕಚ್ಚಿಕೊಂಡು ಆಕಾಶ ನೋಡಿದ.

ಉಳಿದವರು ದೂಡಬೇಕು. ಅಪ್ಪಯ್ಯ ಅವನ ಭಾಷೆಯಲ್ಲಿ ಎಣಿಸಿದ; ನಮಗೆ ಯಾವುದು ಮೂರು ಎಂದು ತಿಳಿಯಲಿಲ್ಲ. ನಾನು ಕನ್ನಡದಲ್ಲಿ ಎಣಿಸಿದೆ; ನಾನು ‘ಎರಡು’ ಎನ್ನುವಾಗಲೇ ಅಪ್ಪಯ್ಯ ದೂಡಿ ಸುಸ್ತಾದ. ಮಹಬೂಬ್ “ಏಕ್, ದೋ” ಎಂದು ಶುರುಮಾಡಿದರೆ ನಾನೇ ತಪ್ಪಿದೆ. ದೋಣಿ ಕದಲಲಿಲ್ಲ. ಕೊನೆಗೆ ಪದ್ಮ ಸೆರಗು ಸಿಕ್ಕಿಸಿ, “ಎಲ್ಲಾ ಸುಮ್ನಿರಿ,” ಎಂದು ಗದರಿಸಿ, ಅಪ್ಪಯ್ಯನ ಕಡೆ ತಿರುಗಿ ಕೂಗಿದಳು: “ಒಕಟಿ! ರೆಂಡು! ಮೂಡು!”

ಭಜನೆಯ ತಾಳಕ್ಕೆ ಎಣಿಸಿ ಪಳಗಿದ್ದ ಅಪ್ಪಯ್ಯನಿಗೆ ಅದು ಬರುತ್ತಿತ್ತು. ಮೂಡು ಎಂದಾಗ ಐವರೂ ಒಟ್ಟಿಗೆ ದೂಡಿದೆವು. ದೋಣಿ ಜಾರಿ ಆಳದ ನೀರಿಗೆ ಇಳಿಯಿತು. ನಾನು ಜಾರಿ ಮೂಗಿನವರೆಗೆ ಇಳಿದೆ.

ಗಾಳಿಗೆದುರು

ಈಗ ಚುಕ್ಕಾಣಿ ಹಿಡಿಯುವವರು ಯಾರು? ಯೂಸುಫನ ಕಾಲು ಊದಿತ್ತು. ಅಪ್ಪಯ್ಯ ಹಾಯಿಯ ಹಗ್ಗ ಬಿಡುವಂತಿರಲಿಲ್ಲ. ಶಮೀಮ್ ಅಣ್ಣನ ಮುಖ ನೋಡಿದಳು. ಮಹಬೂಬ್ ಸ್ವಲ್ಪ ಸರಿದು ಹಿಂಬದಿಗೆ ದಾರಿ ಬಿಟ್ಟ. “ನೀನೇ ಕೂರಮ್ಮ. ನಿನ್ ಜಾಗ ಅಂತೆ,” ಎಂದ.

ಅವಳು ಕೂತ ಕ್ಷಣ ಅಪ್ಪಯ್ಯನಿಗೆ ಹತ್ತು ವರ್ಷ ಕಡಿಮೆಯಾದ ಹಾಗಾಯಿತು. ಬೆಳಗ್ಗಿನಿಂದ ನುಂಗಿಕೊಂಡಿದ್ದ ಮಾತನ್ನೆಲ್ಲ ಕೂಗಿ ಕೂಗಿ ಹೇಳಿದ. ಅವಳು ಅದೇ ಭಾಷೆಯಲ್ಲಿ ಕೂಗಿ ಉತ್ತರಿಸಿದಳು. ಗಾಳಿ ಈಗ ದಿಕ್ಕು ಬದಲಿಸಿ ನೇರ ಎದುರಿಗೆ. ದೋಣಿ ಊರಿನ ಕಡೆ ಹೋಗುವ ಬದಲು ಸಮುದ್ರದ ಕಡೆ ಓರೆಯಾಗಿ ಓಡಿತು. ನಾನು ಗಾಬರಿಯಾದೆ.

“ಶಮೀಮ್, ಊರು ಆ ಕಡೆ ಅಲ್ವೇನಮ್ಮ?”

“ನೇರ ಹೋದ್ರೆ ಗಾಳಿ ಬಿಡಲ್ಲ ಸಾರ್. ನಂದಿ ಬೆಟ್ಟದ ರಸ್ತೆ ಥರ. ಹಿಂಗೆ ಸ್ವಲ್ಪ, ಹಂಗೆ ಸ್ವಲ್ಪ. ತಲೆ ಬಗ್ಸಿ!”

ತಲೆ ಬಗ್ಗಿಸುವಷ್ಟರಲ್ಲಿ ಹಾಯಿಯ ಕೆಳಗಿನ ಮರ ನನ್ನ ನೆತ್ತಿಯ ಮೇಲೆ ಹಾದುಹೋಗಿ ದೋಣಿ ಇನ್ನೊಂದು ಓರೆಗೆ ತಿರುಗಿತು. ಹೀಗೆ ಏಳೆಂಟು ತಿರುವು. ಪ್ರತಿ ತಿರುವಿಗೂ ಅವಳು “ತಲೆ!” ಎಂದಳು, ಮೇಷ್ಟರು ತಪ್ಪದೆ ತಲೆ ಬಗ್ಗಿಸಿದರು. ಮಹಬೂಬ್ ಅವಳ ಪಕ್ಕದಲ್ಲೇ ಕೂತಿದ್ದ. ವಾಂತಿಯಿಲ್ಲ, ಗೀಂತಿಯಿಲ್ಲ. ದೂರದ ಸಿಂಹದ ಬೆಟ್ಟವನ್ನೇ ನೋಡುತ್ತಿದ್ದ, ನಡುನಡುವೆ ಚುಕ್ಕಾಣಿಯ ಮೇಲಿದ್ದ ತಂಗಿಯ ಕೈಯನ್ನು.

ದಂಡೆ ಹತ್ತಿರವಾದಾಗ ಯೂಸುಫ್ ಕಾಲು ಮೇಲೆ ಮಾಡಿ ಮಲಗಿದ್ದಲ್ಲಿಂದಲೇ ಬಾಯಿಬಿಟ್ಟ. ಅಚ್ಚ ಬೆಂಗಳೂರು ಕನ್ನಡ.

“ಭಾಯ್, ನೋಡ್ಕೊತೀನಿ. ಚೆನ್ನಾಗೇ ನೋಡ್ಕೊತೀನಿ.”

ನಮ್ಮ ಮೂವರ ಬಾಯಿಯೂ ತೆರೆದುಕೊಂಡಿತು. ಶಮೀಮ್ ಮಾತ್ರ ಹಾಯಿಯ ಮರೆಯಲ್ಲಿ ತುಟಿ ಕಚ್ಚಿ ನಗುತ್ತಿದ್ದಳು.

“ನಿಮಗೆ ಕನ್ನಡ ಬರುತ್ತಾ?” ಎಂದ ಮಹಬೂಬ್.

“ನಾಕು ವರ್ಷ ಬೆಂಗಳೂರು ಹಾಸ್ಟೆಲ್‌ನಲ್ಲಿ ಇದ್ದೆ. ಬರದೆ ಏನು? ನೀವು ನನ್ನ ಬಗ್ಗೆ ಮಾತಾಡೋವಾಗ ಕನ್ನಡ ಮಾತಾಡ್ತೀರ. ಅದಕ್ಕೇ ಸುಮ್ನಿದ್ದೆ. ನೀರಿನ ಮೇಲೆ ಮಾತು ತುಂಬಾ ದೂರ ಕೇಳುತ್ತೆ, ಭಾಯ್.” ಆಮೇಲೆ ದನಿ ಸ್ವಲ್ಪ ಇಳಿಸಿ ಹೇಳಿದ: “ಆವತ್ತು ನಾನು ಅತ್ಲಾಗೆ ತಿರುಗಿ ಕೂತಿದ್ದು ಅವಳು ನನ್ನ ಕಣ್ಣು ನೋಡಬಾರದು ಅಂತ. ಅಷ್ಟೇ.”

ಮಹಬೂಬ್ ಎದ್ದು, ದೋಣಿ ಅಲ್ಲಾಡುವುದನ್ನೂ ಮರೆತು, ಹೋಗಿ ಯೂಸುಫನ ಊದಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ದಂಡೆ ಮುಟ್ಟುವವರೆಗೆ ಆ ಕಾಲನ್ನು ಕೆಳಗಿಡಲಿಲ್ಲ.

ಟೆಲಿಫೋನು

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಎಲ್ಲರ ಮೈಮೇಲೆ ಉಪ್ಪು, ನನ್ನ ಮುಖ ಸುಟ್ಟ ಬದನೆಕಾಯಿ. ಮಹಬೂಬ್ ಸ್ನಾನಕ್ಕೂ ಹೋಗದೆ ಶಿಡ್ಲಘಟ್ಟಕ್ಕೆ ಫೋನು ಮಾಡಬೇಕೆಂದ. ಮೂರು ನಾಲ್ಕು ಸಲ ಕಡಿದು ಹೋಗಿ, ಕೊನೆಗೆ ಅವನ ಮನೆಯ ಗಂಟೆ ಬಾರಿಸಿತು. ತಾಯಿಯೇ ಎತ್ತಿದರು. ಅವರು ದೂರದ ಕರೆಯೆಂದರೆ ದೂರಕ್ಕೆ ಕೇಳಿಸುವ ಹಾಗೇ ಮಾತಾಡಬೇಕು ಎಂದು ನಂಬಿದವರು. ಕೋಣೆಯಲ್ಲಿದ್ದ ನಮಗೆಲ್ಲ ಅವರ ಮಾತು ಕೇಳಿಸುತ್ತಿತ್ತು. ಕುಶಲ ಕೇಳಲಿಲ್ಲ. “ಯಾವಾಗ ಕರ್ಕೊಂಡ್ ಬರ್ತೀಯ?” ಎಂದರು ಉರ್ದುವಿನಲ್ಲಿ.

ಮಹಬೂಬ್ ಹೇಳಿದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದನೆಂದು ಕಾಣುತ್ತದೆ, ಬಾಯಿಗೆ ಬಂದಾಗ ಎಲ್ಲ ಹಿಂದುಮುಂದಾಯಿತು. ಉಳಿಯದ ಎರಡು ಜೀವಗಳ ವಿಷಯ ಹೇಳಿದ. ತುತ್ತು ತಿನ್ನಿಸಿದ ಅತ್ತೆಯ ವಿಷಯ ಹೇಳಿದ. ಆಮೇಲೆ ದೋಣಿಯದು. “ಅಮ್ಮಿ, ಅವಳೇ ನಡೆಸಿದಳು. ಎದುರು ಗಾಳಿಯಲ್ಲಿ. ನಾವೆಲ್ಲ ಅವಳು ಹೇಳಿದಾಗ ತಲೆ ಬಗ್ಗಿಸಿದೆವು, ಮೇಷ್ಟರೂ ಕೂಡ.”

ಲೈನು ಕಡಿಯಿತೇನೋ ಎಂದು ಅವನು ಎರಡು ಸಲ ಹಲೋ ಎಂದ. ಆ ಕಡೆಯಿಂದ ಒಂದು ಸಲ ಮೂಗು ಏರಿಸಿದ ಸದ್ದು ಕೇಳಿತು. ಶಮೀಮ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಹಿಂದೆ ಅವಳ ಅತ್ತೆ ಕೈಯಲ್ಲಿ ಚಹಾದ ತಟ್ಟೆ ಹಿಡಿದು ಹಾಗೇ ನಿಂತುಬಿಟ್ಟಿದ್ದರು.

ಕೊನೆಗೆ ದನಿ ಬಂತು. ಈ ಸಲ ಕೂಗಲಿಲ್ಲ. ನಾವು ಕಿವಿ ನಿಮಿರಿಸಿ ಕೇಳಬೇಕಾಯಿತು.

“ಮೈ ಆಯಿ ತೊ,” ಎಂದರು, “ಮೇರೇಕು ಭೀ ಬಿಠಾತಿ ಕ್ಯಾ, ಪೂಛ್.”

ಮಹಬೂಬ್ ಫೋನಿನ ಬಾಯಿಗೆ ಅಂಗೈ ಮುಚ್ಚಿ, ನಮ್ಮ ಕಡೆ ತಿರುಗಿ, ತನಗೇ ನಂಬಿಕೆಯಾಗದವನಂತೆ ಕನ್ನಡದಲ್ಲಿ ಹೇಳಿದ: “ಶಮ್ಮು, ತಾನು ಬಂದ್ರೆ ತನ್ನನ್ನೂ ದೋಣೀಲಿ ಕೂರಿಸ್ಕೊತೀಯಾ ಅಂತ ಕೇಳ್ತಾವ್ರೆ.”

ಶಮೀಮ್ ಬಂದು ಅವನ ಕೈಯಿಂದ ಫೋನು ಕಿತ್ತುಕೊಂಡಳು. ಎರಡೂ ಕೈಯಲ್ಲಿ ಅದನ್ನು ಕಿವಿಗೆ ಒತ್ತಿಕೊಂಡಳು. ನಾವು ಒಬ್ಬೊಬ್ಬರಾಗಿ ಎದ್ದು ಚಹಾ ಕುಡಿಯಲು ಹೊರಗೆ ಹೋದೆವು.